ದೋಸೆ ಕಾವಲಿಗೆ ಗಾಡಿಯ ಗ್ಯಾಸು: ಒಂದು ರೆಗ್ಯುಲೇಟರ್ ಕಿತ್ತ ಕಥೆ

ಕಳೆದ ತಿಂಗಳು ಕ್ಯಾಲಿಫೋರ್ನಿಯಾದ ಪಿಸ್ಮೋ ಬೀಚಿನಲ್ಲಿ ನಮ್ಮ ಕನ್ನಡಿಗರ ಐದು ಆರ್‌ವಿ ಗಾಡಿಗಳು, ಅಂದರೆ ಒಳಗೇ ಅಡುಗೆಮನೆ, ಹಾಸಿಗೆ ಇರುವ ಪ್ರವಾಸದ ಗಾಡಿಗಳು, ಸಾಲಾಗಿ ನಿಂತಿದ್ದವು. ಶನಿವಾರ ಬೆಳಿಗ್ಗೆ ಇಪ್ಪತ್ತೆರಡು ಜನಕ್ಕೆ ದೋಸೆ ಹುಯ್ದೆ. ಎಪ್ಪತ್ತರವರೆಗೆ ಎಣಿಸಿದ ನೆನಪಿದೆ, ಆಮೇಲೆ ಎಣಿಕೆ ತಪ್ಪಿತು. ಅಷ್ಟಕ್ಕೂ ಕ್ಯಾಂಪಿನ ಒಲೆಗೆ ಹಾಕುವ ಒಂದು ಪೌಂಡಿನ ಹಸಿರು ಗ್ಯಾಸ್ ಡಬ್ಬಿ ಒಂದೂ ಖರ್ಚಾಗಲಿಲ್ಲ. ಗ್ಯಾಸು ಬಂದದ್ದು ಗಾಡಿಯ ಹೊಟ್ಟೆಯ ಕೆಳಗಿನ ತೊಟ್ಟಿಯಿಂದ, ಹನ್ನೆರಡು ಅಡಿಯ ಒಂದು ಹೋಸಿನಲ್ಲಿ. “ಇದು ಆಗುವ ಮಾತಲ್ಲ, ಒಂದು ದಿನ ಗಾಡಿ ಸುಟ್ಟುಕೊಳ್ಳುತ್ತೀರಿ” ಎಂದು ಎರಡು ವರ್ಷದಿಂದ ಹೇಳುತ್ತಾ ಬಂದಿದ್ದ ಗೆಳೆಯರೇ ತಟ್ಟೆ ಹಿಡಿದು ಸಾಲಿನಲ್ಲಿ ಮೊದಲು ನಿಂತಿದ್ದರು. ಆ ತೃಪ್ತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನನ್ನದು 2006ರ ಕ್ಲಾಸ್ ಸಿ ಮೋಟಾರ್‌ಹೋಂ, ಫೋರ್ಡ್ ಇ-450 ಚಾಸಿ, ಮೂರನೆಯ ಕೈ. ಚಾಸಿಗೇ ಬಿಗಿದ ಪ್ರೊಪೇನ್ ತೊಟ್ಟಿ. ತುಂಬಿಸಬೇಕೆಂದರೆ ಗಾಡಿಯನ್ನೇ ಬಂಕಿಗೆ ಒಯ್ಯಬೇಕು. ಎಂಬತ್ತು ಪ್ರತಿಶತಕ್ಕೆ ನಿಲ್ಲಿಸಿದರೆ ಸುಮಾರು ಎಂಟೊಂಬತ್ತು ಗ್ಯಾಲನ್ ಹಿಡಿಯುತ್ತದೆ. ಒಳಗಿನ ಒಲೆ, ನೀರು ಕಾಯಿಸುವ ಯಂತ್ರ, ಫ್ರಿಜ್, ಹೀಟರ್ ಎಲ್ಲಕ್ಕೂ ಅದೇ ಮೂಲ. ಹೊಸ ಗಾಡಿಗಳಲ್ಲಿ ಹೊರಗೆ ಗ್ರಿಲ್ ಸಿಕ್ಕಿಸಲು ಒಂದು ಮೂತಿಯನ್ನು ಕಾರ್ಖಾನೆಯಲ್ಲೇ ಕೊಟ್ಟಿರುತ್ತಾರೆ. ನನ್ನದರಲ್ಲಿ ಇರಲಿಲ್ಲ.

ಹೊರಗೆ ಅಡುಗೆ ಮಾಡುವ ಹಟ ಏಕೆಂದು ಕೇಳಬೇಡಿ. ಒಗ್ಗರಣೆ ಒಮ್ಮೆ ಗಾಡಿಯೊಳಗೆ ಚಟಪಟಗುಟ್ಟಿತೆಂದರೆ ಮೂರು ದಿನ ಹಾಸಿಗೆಯೆಲ್ಲ ಇಂಗಿನ ವಾಸನೆ. ಸೌದೆ ಹಚ್ಚೋಣವೆಂದರೆ ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಬೆಂಕಿ ನಿಷೇಧ ಯಾವಾಗ ಬರುತ್ತದೋ ಹೇಳಲಾಗದು. ಕಾಡಿನ ಬಹುತೇಕ ಕಡೆ ಅಂಥ ಹೊತ್ತಿನಲ್ಲೂ, ತಿರುಗಿಸಿದೊಡನೆ ಆರಿಸಬಹುದಾದ ಗ್ಯಾಸಿನ ಒಲೆಗೆ ಮಾತ್ರ ಅವಕಾಶ ಇರುತ್ತದೆ. ಹಾಗಾಗಿ 22 ಇಂಚಿನ ಎರಡು ಬರ್ನರಿನ ಬ್ಲ್ಯಾಕ್‌ಸ್ಟೋನ್ ಕಂಪನಿಯ ಕಾವಲಿ ಒಂದನ್ನು, ಬದನೆಕಾಯಿ ಮತ್ತು ಜೋಳದ ತೆನೆ ಸುಡಲು ಜಾಲರಿಯ ಸಣ್ಣ ಗ್ರಿಲ್ ಇನ್ನೊಂದನ್ನು ಇಟ್ಟುಕೊಂಡಿದ್ದೆ. ಎರಡೂ ಒಂದು ಪೌಂಡಿನ ಹಸಿರು ಡಬ್ಬಿಯ ಮೇಲೆ ಓಡುವಂಥವು.

ಈ ಡಬ್ಬಿಗಳ ಲೆಕ್ಕ ಹಾಕಿದವರು ಕಡಿಮೆ. ಒಂದು ಪೌಂಡು ಪ್ರೊಪೇನ್ ಎಂದರೆ ಸುಮಾರು 21,600 ಬಿಟಿಯು (ಶಾಖದ ಅಳತೆ). ನನ್ನ ಕಾವಲಿ ಎರಡೂ ಬರ್ನರ್ ಪೂರ್ತಿ ತೆರೆದರೆ ಗಂಟೆಗೆ 24,000 ನುಂಗುತ್ತದೆ. ಒಂದು ಡಬ್ಬಿ ಗಂಟೆಯೂ ಬಾಳುವುದಿಲ್ಲ. ಒಂದಕ್ಕೆ ಆರೇಳು ಡಾಲರ್, ಕ್ಯಾಂಪಿನ ಅಂಗಡಿಯಲ್ಲಾದರೆ ಹತ್ತು. ವಾರಾಂತ್ಯಕ್ಕೆ ನಾಲ್ಕು ಡಬ್ಬಿ ಸಲೀಸಾಗಿ ಹೋಗುತ್ತಿತ್ತು. ಅದೇ ಪ್ರೊಪೇನ್ ಬಂಕಿನಲ್ಲಿ ಗ್ಯಾಲನ್ನಿಗೆ ನಾಲ್ಕು ಡಾಲರ್ ಚಿಲ್ಲರೆ. ಗ್ಯಾಲನ್ನಿಗೆ 4.2 ಪೌಂಡು ಎಂದರೆ ಪೌಂಡಿಗೆ ಒಂದು ಡಾಲರ್. ಆರೇಳು ಪಟ್ಟು ಕೊಟ್ಟು ಕೊಂಡು, ಕೊನೆಗೆ ಖಾಲಿ ಡಬ್ಬಿಯನ್ನು ಎಲ್ಲಿ ಎಸೆಯುವುದೆಂದು ಒದ್ದಾಡುವುದು. ಅವನ್ನು ಮರಳಿ ತುಂಬಿಸಿ ಗಾಡಿಯಲ್ಲಿ ಸಾಗಿಸುವುದು ಅಪರಾಧ ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿದೆ. ಕ್ಯಾಲಿಫೋರ್ನಿಯಾದಲ್ಲಂತೂ 2028ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಡಬ್ಬಿಗಳ ಮಾರಾಟವೇ ನಿಲ್ಲಲಿದೆ.

“ಇಪ್ಪತ್ತು ಪೌಂಡಿನ ಸಿಲಿಂಡರ್ ಒಂದನ್ನು ಹೊತ್ತುಕೊಂಡು ಹೋಗಬಾರದೇ?” ಎಂದು ಎಲ್ಲರೂ ಕೇಳುತ್ತಾರೆ. ಹೋಗಬಹುದು. ಗಾಡಿಯೊಳಗೆ ಇಡುವಂತಿಲ್ಲ, ಮುಚ್ಚಿದ ಸಾಮಾನಿನ ಗೂಡಿನಲ್ಲಿ ಇಡುವಂತಿಲ್ಲ, ಹೊರಗೆ ಕಟ್ಟಲು ನನ್ನ ಗಾಡಿಯಲ್ಲಿ ಜಾಗವಿಲ್ಲ. ಹೊಟ್ಟೆಯ ಕೆಳಗೆ ಮೂವತ್ತೈದು ಪೌಂಡು ಗ್ಯಾಸು ಇಟ್ಟುಕೊಂಡು ಇನ್ನೊಂದು ಸಿಲಿಂಡರ್ ಹೊರುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ.

ಗಾಡಿ ರಿಪೇರಿಯ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಮೂತಿ ಕೂರಿಸಲು ಮುನ್ನೂರೈವತ್ತೋ ಏನೋ ಹೇಳಿದರು. ಜೊತೆಗೆ, “ನಿಮ್ಮ ಕಾವಲಿ ಅದರಲ್ಲಿ ಉರಿಯುತ್ತದೆ ಎಂಬ ಭರವಸೆ ಕೊಡಲಾರೆವು” ಎಂದರು. ದುಡ್ಡಿಗೆ ಭರವಸೆ ಇಲ್ಲದ ಮೇಲೆ ನಾನೇ ಮಾಡಿ ಕೆಡಿಸುವುದು ಮೇಲಲ್ಲವೇ?

ಚಾಸಿಯ ಉದ್ದಕ್ಕೆ ಹೋಗುವ ಕಪ್ಪು ಕಬ್ಬಿಣದ ಪೈಪಿನ ಕೊನೆ, ಪ್ರಯಾಣಿಕರ ಬದಿಯ ಮೆಟ್ಟಿಲಿನ ಹತ್ತಿರ ಒಂದು ಬಿರಡೆಯಲ್ಲಿ ಮುಗಿಯುತ್ತಿತ್ತು. ತೊಟ್ಟಿಯ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸನ್ನು ಒಳಗಿನ ಒಲೆಯಲ್ಲಿ ಉರಿಸಿ ಮುಗಿಸಿ, ಬಿರಡೆ ಬಿಚ್ಚಿ, ಅಲ್ಲಿಗೆ ಒಂದು ಬಾಲ್ ವಾಲ್ವ್ ಮತ್ತು ಸಿಕ್ಕಿಸುವ ಮೂತಿ ಕೂರಿಸಿದೆ. ಎರಡು ಸ್ಪ್ಯಾನರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಒಂದರಲ್ಲಿ ಪೈಪನ್ನು ಹಿಡಿಯದೆ ಇನ್ನೊಂದರಲ್ಲಿ ತಿರುಗಿಸಿದರೆ ಹಿಂದಿನ ಕೀಲುಗಳೆಲ್ಲ ಸಡಿಲವಾಗುತ್ತವೆ. ಅಂದ ಹಾಗೆ, ಗಾಳಿ ಕಂಪ್ರೆಸರಿನ ಮೂತಿ ನೋಡಲು ಥೇಟು ಇದರಂತೆಯೇ ಇರುತ್ತದೆ, ಅರ್ಧ ಬೆಲೆಗೆ ಸಿಗುತ್ತದೆ, ಸಿಕ್ಕಿಸಿದರೆ ಕೂರುತ್ತದೆ ಕೂಡ. ಅದು ಗ್ಯಾಸಿಗೆ ಮಾಡಿದ್ದಲ್ಲ. ನಾನು ಎಷ್ಟೇ ಜಿಪುಣನಾದರೂ ಅಲ್ಲಿ ಉಳಿತಾಯ ಮಾಡಲಿಲ್ಲ.

ಹೋಸು ಸಿಕ್ಕಿಸಿ, ಇನ್ನೊಂದು ತುದಿಯನ್ನು ಒಂದು ಅಡಾಪ್ಟರ್ ಮೂಲಕ, ಹಸಿರು ಡಬ್ಬಿ ಕೂರುವ ಜಾಗಕ್ಕೆ ತಿರುಗಿಸಿ, ಕಾವಲಿ ಹೊತ್ತಿಸಿದೆ. ಹೊತ್ತಿತು, ಕಾರ್ತಿಕದ ಹಣತೆಯಂತೆ. ಕೈ ಅಡ್ಡ ಹಿಡಿದರೂ ಬಿಸಿ ತಾಗದಷ್ಟು ಸಣ್ಣ ನೀಲಿ ಮೊಗ್ಗು. ಅರ್ಧ ಗಂಟೆ ಕಾದರೂ ಕಾವಲಿಯ ಮೇಲೆ ಚಿಮುಕಿಸಿದ ನೀರು ಚುರ್ ಎನ್ನಲಿಲ್ಲ. ಹೆಂಡತಿ ಹಿಟ್ಟಿನ ಪಾತ್ರೆಯನ್ನು ಮಾತಿಲ್ಲದೆ ಒಳಗೆ ತೆಗೆದುಕೊಂಡು ಹೋದಳು.

ಗಾಡಿಯ ರೆಗ್ಯುಲೇಟರ್ ಸತ್ತಿದೆ ಎಂದುಕೊಂಡೆ. ಹದಿನೈದು ವರ್ಷದ ಹಳೆಯ ಮಾಲು, ಸಾಯುವುದು ಸಹಜ. ಅಳೆದೇ ನೋಡೋಣವೆಂದು ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯೊಂದನ್ನು ಹಲಗೆಯ ಮೇಲೆ ಇಂಗ್ಲಿಷಿನ ‘ಯು’ ಆಕಾರಕ್ಕೆ ಬಗ್ಗಿಸಿ ಕಟ್ಟಿದೆ. ಕಣ್ಣಿಗೆ ಕಾಣಲೆಂದು ನೀರಿಗೆ ಕೇಸರಿಬಾತಿನ ಬಣ್ಣ ಬೆರೆಸಿದೆ. ಎರಡೂ ಕಡೆ ನೀರು ಸಮನಾಗಿ ನಿಂತ ಕಡೆ ಸೊನ್ನೆ ಎಂದು ಗೆರೆ ಎಳೆದು, ಒಂದು ತುದಿಯನ್ನು ಒಳಗಿನ ಒಲೆಯ ಜೆಟ್ಟಿಗೆ, ಅಂದರೆ ಬರ್ನರಿಗೆ ಗ್ಯಾಸು ಚಿಮ್ಮುವ ಸಣ್ಣ ತೂತಿನ ಮೂತಿಗೆ, ಬಿಗಿಯಾಗಿ ಸಿಕ್ಕಿಸಿದೆ. ಗಾಡಿಯ ರೆಗ್ಯುಲೇಟರ್ ಕೊಡಬೇಕಾದದ್ದು 11 ಇಂಚು ನೀರಿನ ಒತ್ತಡ, ಅಂದರೆ ಅಷ್ಟು ಎತ್ತರದ ನೀರನ್ನು ಎತ್ತಿ ಹಿಡಿಯುವಷ್ಟು. ಗ್ಯಾಸು ಬಿಟ್ಟಾಗ ನೀರು ಏರಿದ್ದು ಐದೂವರೆ ಇಂಚು. ನೋಡಿ, ಅರ್ಧ ಜೀವ ಹೋಗಿದೆ ಎಂದು ನಲವತ್ತೈದು ಡಾಲರ್ ಕೊಟ್ಟು ಹೊಸ ಎರಡು ಹಂತದ ರೆಗ್ಯುಲೇಟರ್ ತಂದು ಹಾಕಿದೆ. ಮತ್ತೆ ಅಳೆದೆ. ಐದೂವರೆ.

ಎಂಟನೆಯ ಕ್ಲಾಸಿನಲ್ಲಿದ್ದ ಮಗಳು ಬಂದು ಹಲಗೆಯನ್ನು ಒಂದು ನಿಮಿಷ ನೋಡಿದಳು. “ಅಪ್ಪಾ, ಈ ಕಡೆ ಐದೂವರೆ ಏರಿದರೆ ಆ ಕಡೆ ಐದೂವರೆ ಇಳಿದಿದೆಯಲ್ಲ, ಎರಡನ್ನೂ ಕೂಡಿಸಬೇಡವೇ?” ಎಂದಳು. ಐದೂವರೆ ಮತ್ತು ಐದೂವರೆ ಹನ್ನೊಂದು. ಹಳೆಯ ರೆಗ್ಯುಲೇಟರ್ ಸುಖವಾಗಿಯೇ ಇತ್ತು. ಈಗಲೂ ಶೆಡ್ಡಿನಲ್ಲಿ ಬಿದ್ದಿದೆ, ಎಸೆಯಲು ಮನಸ್ಸಿಲ್ಲ.

ಗಾಡಿ ಸರಿ, ಹೋಸು ಸರಿ, ಕಾವಲಿ ಹಸಿರು ಡಬ್ಬಿಯಲ್ಲಿ ಭರ್ಜರಿಯಾಗಿ ಉರಿಯುತ್ತದೆ. ಹಾಗಿದ್ದರೆ ಎಲ್ಲಿ ತಪ್ಪು? ಉತ್ತರ ಬಂದದ್ದು ಹಾಸನದಿಂದ. ನನ್ನ ಸೋದರಮಾವ ಅಲ್ಲಿ ಮೂವತ್ತು ವರ್ಷ ಕ್ಯಾಂಟೀನು ನಡೆಸಿದವರು. ಭಾನುವಾರದ ಫೋನಿನಲ್ಲಿ ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ನನ್ನ ಗೋಳು ತೋಡಿಕೊಂಡೆ. ಅವರು ಪೂರ್ತಿ ಕೇಳಲೂ ಇಲ್ಲ. “ಒಂದು ರೆಗ್ಯುಲೇಟರ್ ಮೇಲೆ ಇನ್ನೊಂದು ರೆಗ್ಯುಲೇಟರ್ ಹಾಕಿಕೊಂಡು ಕುಳಿತಿದ್ದೀಯಲ್ಲೋ! ಮನೆಯ ಸಿಲಿಂಡರಿನ ರೆಗ್ಯುಲೇಟರಿಗೆ ನನ್ನ ಕ್ಯಾಂಟೀನಿನ ಭಟ್ಟಿ ಒಲೆ ಸಿಕ್ಕಿಸಿದರೆ ಉರಿಯುತ್ತದೆಯೇ?” ಎಂದರು.

ಊರಿನಲ್ಲಿ ಅಡುಗೆ ಮಾಡಿದವರಿಗೆ ಇದು ಹೇಳದೆಯೇ ಗೊತ್ತು. ಮನೆಯ 14.2 ಕೆಜಿ ಸಿಲಿಂಡರಿನ ರೆಗ್ಯುಲೇಟರ್ ಗ್ಯಾಸನ್ನು ಚದರ ಸೆಂಟಿಮೀಟರಿಗೆ 30 ಗ್ರಾಂ ಒತ್ತಡಕ್ಕೆ ತಗ್ಗಿಸಿ ಕೊಡುತ್ತದೆ. ಅದು ಮೂವತ್ತು ಸೆಂಟಿಮೀಟರ್ ಎತ್ತರದ ನೀರಿಗೆ ಸಮ, ಹನ್ನೆರಡು ಇಂಚಿಗೆ ಸ್ವಲ್ಪ ಕಡಿಮೆ. ಅಂದರೆ ಹಾಸನದ ಅಡುಗೆಮನೆಯ ಒಲೆಗೂ ನನ್ನ ಅಮೆರಿಕದ ಗಾಡಿಯ ಒಲೆಗೂ ಬರುವ ಒತ್ತಡ ಹೆಚ್ಚುಕಡಿಮೆ ಒಂದೇ. ಕ್ಯಾಂಟೀನಿನ 19 ಕೆಜಿ ನೀಲಿ ಸಿಲಿಂಡರಿನ ಭಟ್ಟಿ ಒಲೆಯ ದಾರಿಯೇ ಬೇರೆ, ಅದಕ್ಕೆ ಹೈ ಪ್ರೆಶರ್ ರೆಗ್ಯುಲೇಟರ್. ಹಸಿರು ಡಬ್ಬಿಯೊಳಗಿನ ಒತ್ತಡ ಬೇಸಿಗೆಯ ಮಧ್ಯಾಹ್ನ ಚದರ ಇಂಚಿಗೆ ನೂರೈವತ್ತು ಪೌಂಡು ದಾಟುತ್ತದೆ. ಕಾವಲಿಯ ರೆಗ್ಯುಲೇಟರಿನ ಬಾಯಿ ಅಷ್ಟು ರಭಸದ ಗ್ಯಾಸಿಗೆಂದು ಮಾಡಿದ ಸೂಜಿಮೊನೆ ತೂತು. ಗಾಡಿಯಿಂದ ಬರುವ 11 ಇಂಚು ಎಂದರೆ ಅರ್ಧ ಪೌಂಡೂ ಇಲ್ಲ. ಅಷ್ಟರಲ್ಲಿ ಆ ತೂತಿನಿಂದ ನುಸುಳುವುದು ಹಣತೆಗೆ ಸಾಕು, ದೋಸೆಗೆ ಸಾಲದು.

ಎರಡು ದಾರಿ ಇದ್ದವು. ಗಾಡಿಯ ರೆಗ್ಯುಲೇಟರಿಗಿಂತ ಮೊದಲೇ ಗ್ಯಾಸನ್ನು ತೆಗೆಯುವುದು ಒಂದು, ಕಾವಲಿಯ ರೆಗ್ಯುಲೇಟರನ್ನೇ ಕಿತ್ತು ಹಾಕುವುದು ಇನ್ನೊಂದು. ಕೀಳಲು ಧೈರ್ಯ ಸಾಲದೆ ಮೊದಲು ಒಂದನೆಯ ದಾರಿ ಹಿಡಿದೆ.

ತೊಟ್ಟಿಯ ವಾಲ್ವಿಗೂ ರೆಗ್ಯುಲೇಟರಿಗೂ ನಡುವೆ ಕೂರಿಸುವ ಹಿತ್ತಾಳೆಯ ಟೀ, ಅಂದರೆ ಇಂಗ್ಲಿಷಿನ ‘ಟಿ’ ಆಕಾರದ ಕವಲು ಕೀಲು, ಸಿಗುತ್ತದೆ, ಹೋಸಿನ ಸಮೇತ ಅರವತ್ತೈದು ಡಾಲರ್ ಕೊಟ್ಟ ನೆನಪು. ತೊಟ್ಟಿಯ ವಾಲ್ವಿನ ಥ್ರೆಡ್ ಎಡಗಡೆಯದು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿದ್ದೂ ಮರೆತೆ. ಗಾಡಿಯ ಕೆಳಗೆ ಅಂಗಾತ ಮಲಗಿದಾಗ ಎಡಬಲ ಎರಡೂ ತಲೆಕೆಳಗಾಗುತ್ತವೆ. ಮುಕ್ಕಾಲು ಗಂಟೆ ಅದನ್ನು ಬಿಗಿಯುತ್ತಲೇ ಇದ್ದೆ. ನಟ್ಟಿನ ಮೂಲೆಗಳು ಸವೆದವು, ತೊಟ್ಟಿಗೂ ರೆಗ್ಯುಲೇಟರಿಗೂ ನಡುವಿನ ಗಿಡ್ಡ ಹೋಸಿಗೆ (ಪಿಗ್‌ಟೇಲ್) ಮತ್ತೆ ಇಪ್ಪತ್ತು ಡಾಲರ್.

ಆದರೂ ಅದು ಕೆಲಸ ಮಾಡಿತು, ಅಲ್ಲವೆನ್ನುವುದಿಲ್ಲ. ತೊಟ್ಟಿಯ ಪೂರ್ತಿ ಒತ್ತಡ ಹೋಸಿನಲ್ಲಿ ಬಂದು, ಕಾವಲಿಯ ರೆಗ್ಯುಲೇಟರ್ ತನ್ನ ಕೆಲಸ ತಾನು ಮಾಡಿ, ಉರಿ ಚೆನ್ನಾಗಿಯೇ ಬಂತು. ಎರಡು ತಿಂಗಳು ಹಾಗೇ ನಡೆಸಿದೆ. ಬಿಟ್ಟದ್ದೇಕೆಂದರೆ, ನನ್ನ ಗಾಡಿಯ ತೊಟ್ಟಿ ಇರುವುದು ಡ್ರೈವರ್ ಬದಿಯಲ್ಲಿ, ನಾವು ಕುರ್ಚಿ ಹಾಕಿಕೊಂಡು ಕೂರುವುದು ಬಾಗಿಲಿನ ಬದಿಯಲ್ಲಿ. ತೊಟ್ಟಿಯ ಪೂರ್ತಿ ಒತ್ತಡದ ಹೋಸು ಆಗತಾನೆ ನಿಂತ ಗಾಡಿಯ ಸೈಲೆನ್ಸರ್ ಪಕ್ಕದಲ್ಲಿ ನುಸುಳಿ, ಮಕ್ಕಳು ಓಡಾಡುವ ಜಾಗದಲ್ಲಿ ಹೊರಬರುತ್ತಿತ್ತು. ಪ್ರತಿ ಸಲ ಸಿಕ್ಕಿಸಲು ಮಣ್ಣಿನಲ್ಲಿ ತೆವಳಬೇಕು. ವಾಲ್ವನ್ನು ಸ್ವಲ್ಪ ಅವಸರದಲ್ಲಿ ತೆರೆದರೂ, ಸೋರಿಕೆಯಾದರೆ ತಡೆಯಲೆಂದು ಒಳಗಿಟ್ಟ ಕವಾಟ ಮುಚ್ಚಿಕೊಂಡು ಕಾವಲಿಯ ಜೊತೆಗೆ ಗಾಡಿಯ ಫ್ರಿಜ್ ಕೂಡ ಆರಿಹೋಗುತ್ತಿತ್ತು. ಒಮ್ಮೆ ಮೊಸರು ಹುಳಿಯಾದ ಮೇಲೆ ಗೊತ್ತಾಯಿತು. ಸಾಲದ್ದಕ್ಕೆ ಹೈ ಪ್ರೆಶರ್ ಹೋಸಿನ ರಬ್ಬರಿನಿಂದ ಎಣ್ಣೆಯಂಥ ಜಿಡ್ಡು ಇಳಿದು ಸಣ್ಣ ಗ್ರಿಲ್ಲಿನ ರೆಗ್ಯುಲೇಟರಿಗೆ ಕಟ್ಟಿಕೊಂಡಿತು. ಟೀ ಬಿಚ್ಚಿದೆ. ಬಲಕ್ಕೆ ತಿರುಗಿಸಿಯೇ ಬಿಚ್ಚಿದೆ.

ಇನ್ನು ಕೀಳುವುದೇ ಉಳಿದದ್ದು. ಕೀಳುವ ಮೊದಲು ಕಾವಲಿಯ ರೆಗ್ಯುಲೇಟರ್ ತನ್ನ ಬರ್ನರಿಗೆ ಎಷ್ಟು ಒತ್ತಡ ಕೊಡುತ್ತಿದೆ ಎಂದು ತಿಳಿಯಬೇಕಿತ್ತು. ಹಸಿರು ಡಬ್ಬಿ ಹಾಕಿ, ಜೆಟ್ಟಿಗೆ ನಳಿಕೆ ಸಿಕ್ಕಿಸಿ, ಮೆಲ್ಲಗೆ ತೆರೆದೆ. ಕೇಸರಿ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿ ತೂಗಾಡಿ ನಿಂತಿತು. ಈ ಸಲ ಎರಡೂ ಕಡೆ ಕೂಡಿಸಿದೆ. ಹನ್ನೊಂದರ ಆಸುಪಾಸು! ಗಾಡಿ ಕೊಡುವುದೂ ಅಷ್ಟೇ, ಬರ್ನರ್ ಬೇಡುವುದೂ ಅಷ್ಟೇ. ನಡುವಿನ ದಲ್ಲಾಳಿ ಮಾತ್ರ ಬೇಡವಾಗಿತ್ತು.

ಅದೇ ಹುಮ್ಮಸ್ಸಿನಲ್ಲಿ ಸಣ್ಣ ಗ್ರಿಲ್ಲನ್ನೂ ಹಾಗೆಯೇ ಅಳೆಯಲು ಹೋದೆ. ಗುಂಡಿ ತಿರುಗಿಸಿದ್ದೇ ತಡ, ನಳಿಕೆಯಲ್ಲಿದ್ದ ಅಷ್ಟೂ ಕೇಸರಿ ನೀರು ಕಾರಂಜಿಯಂತೆ ಹಾರಿ ನನ್ನ ಬಿಳಿ ಅಂಗಿಯ ಮೇಲೆ ಬಿತ್ತು. ಅದರ ರೆಗ್ಯುಲೇಟರ್ ಹೊರಬಿಡುವುದೇ ಹೆಚ್ಚಿನ ಒತ್ತಡವನ್ನು, ಅದರ ಜೆಟ್ಟಿನ ತೂತು ಅದಕ್ಕೆ ತಕ್ಕಂತೆ ಸಣ್ಣದು. ಎಲ್ಲ ಗ್ರಿಲ್ಲುಗಳೂ ಒಂದೇ ಎಂದುಕೊಂಡು ಸಿಕ್ಕಸಿಕ್ಕ ರೆಗ್ಯುಲೇಟರ್ ಕೀಳುವವರು ಈ ಅಂಗಿಯನ್ನು ನೋಡಬೇಕು. ಕಲೆ ಇನ್ನೂ ಹೋಗಿಲ್ಲ. ಕೇಸರಿಬಾತಿನ ಬಣ್ಣ ಅಷ್ಟು ಗಟ್ಟಿ.

ಕಾವಲಿಯ ರೆಗ್ಯುಲೇಟರನ್ನು ಬಿಚ್ಚಿ, ಅದೇ ಥ್ರೆಡ್ಡಿಗೆ ಕೂರುವ ಮೊಣಕೈ ಆಕಾರದ ಹಿತ್ತಾಳೆ ಅಡಾಪ್ಟರ್ ಹಾಕಿದೆ. ಹದಿನೆಂಟು ಡಾಲರ್. ಅದನ್ನು ಕೂರಿಸುವಾಗ ಬರ್ನರಿನ ನಳಿಕೆ ತಿರುಚಿಕೊಳ್ಳದಂತೆ ಹಿಡಿಯುವ ಒಂದು ಉಪಾಯವಿದೆ. ಎರಡು ಅಡಾಪ್ಟರ್ ಹಾಳು ಮಾಡಿಕೊಂಡು ಕಲಿತದ್ದು, ಪುಕ್ಕಟೆ ಹೇಳುವುದಿಲ್ಲ. ನನ್ನ ಗಾಡಿಯ ಹತ್ತಿರ ಬಂದರೆ ತೋರಿಸುತ್ತೇನೆ.

ಹೊತ್ತಿಸಿದರೆ ಮತ್ತೆ ನಿರಾಸೆ. ಹಣತೆಯಲ್ಲ, ಆದರೆ ಭಟ್ಟಿಯೂ ಅಲ್ಲ. ಒಂದು ಬರ್ನರ್ ಮಾತ್ರ ಹೊತ್ತಿಸಿದರೆ ಉರಿ ಪರವಾಗಿಲ್ಲ, ಎರಡನೆಯದನ್ನು ತೆರೆದೊಡನೆ ಎರಡೂ ಕುಗ್ಗುತ್ತಿದ್ದವು. ಗೆಳೆಯರಲ್ಲೊಬ್ಬರು ಅಂದು ಹತ್ತಿರವೇ ಇದ್ದರು. ಅವರು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಮತ್ತೆ ಹಲಗೆ ತಂದೆ. ಕಾವಲಿಯ ಪಕ್ಕದಲ್ಲಿ ಒಂದು ಟೀ ಹಾಕಿ, ಎರಡೂ ಬರ್ನರ್ ಉರಿಯುತ್ತಿರುವಾಗಲೇ ಅಳೆದೆ. ಗಾಡಿಯ ಮೂತಿಯಲ್ಲಿ 11, ಕಾವಲಿಯ ಹತ್ತಿರ ಏಳೂವರೆಗಿಂತ ಕಡಿಮೆ. ಮೂರೂವರೆ ಇಂಚಿಗೂ ಹೆಚ್ಚನ್ನು ಹೋಸೇ ನುಂಗಿತ್ತು. ಮೇಜನ್ನು ದೂರ ಹಾಕಿಕೊಳ್ಳಬಹುದೆಂದು ಇಪ್ಪತ್ತಡಿಯ ಹೋಸು ಕೊಂಡಿದ್ದೆ, ಒಳಗಿನ ಅಗಲ ಕಾಲು ಇಂಚು. ಹೈ ಪ್ರೆಶರ್ ಗ್ಯಾಸಿಗೆ ಕಾಲು ಇಂಚು ರಾಜಮಾರ್ಗ, ಲೋ ಪ್ರೆಶರಿಗೆ ಅದೇ ಓಣಿ. ಒಳಗಿನ ಅಗಲ ಎಂಟನೆಯ ಮೂರು ಇಂಚು ಇರುವ ಹನ್ನೆರಡಡಿಯ ಹೋಸು ತಂದೆ. ಇಳಿತ ಅರ್ಧ ಇಂಚೂ ಇಲ್ಲ. ಎರಡು ಬರ್ನರೂ ಗುಂಯ್ ಎಂದು ನೀಲಿಯಾಗಿ ನಿಂತವು. ಆ ಸಂಜೆ ಕಾವಲಿ ಕಾದು, ಅರ್ಧ ಕತ್ತರಿಸಿದ ಈರುಳ್ಳಿಯಿಂದ ಎಣ್ಣೆ ಸವರಿ, ಮೊದಲ ಸೌಟು ಹಿಟ್ಟು ಹುಯ್ದಾಗ ಬಂದ ಸದ್ದನ್ನು ಮೊಬೈಲಿನಲ್ಲಿ ದಾಖಲಿಸಿ ಮಾವನಿಗೆ ಕಳುಹಿಸಿದೆ. “ಉರಿ ಸಣ್ಣಗೆ ಮಾಡು, ಸೀಯುತ್ತಿದೆ” ಎಂದು ಉತ್ತರ ಬಂತು.

ಸೋರಿಕೆಯ ವಿಷಯದಲ್ಲಿ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಎಲ್ಲ ಕೀಲುಗಳಿಗೂ ಗ್ಯಾಸಿನ ಹಳದಿ ಟೇಪು ಸುತ್ತಿದ್ದೆ, ಹೆಚ್ಚಾದಷ್ಟೂ ಒಳ್ಳೆಯದೆಂದು. ಮೊನೆಯತ್ತ ಸಣ್ಣಗಾಗುವ ಪೈಪ್ ಥ್ರೆಡ್ಡಿಗೆ ಟೇಪು ಬೇಕು, ನಿಜ. ಫ್ಲೇರ್ ಕೀಲಿನಲ್ಲಿ ಗ್ಯಾಸನ್ನು ತಡೆಯುವುದು ಥ್ರೆಡ್ಡಲ್ಲ, ಒಂದರೊಳಗೊಂದು ಕೂರುವ ಎರಡು ನುಣುಪು ಮುಖಗಳು. ಅಲ್ಲಿಗೆ ಟೇಪು ಸುತ್ತಿದರೆ ಮುಖಕ್ಕೆ ಮುಖ ಕೂರುವುದೇ ಇಲ್ಲ. ಪಾತ್ರೆ ತೊಳೆಯುವ ಸಾಬೂನಿನ ನೀರು ಹಚ್ಚಿದಾಗ ಆ ಕೀಲಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ವಾಸನೆ ಮಾತ್ರ ಬಂದಿರಲಿಲ್ಲ, ಗಾಳಿ ಇತ್ತು. ಟೇಪು ಕಿತ್ತು ಬರಿಮೈಯಲ್ಲಿ ಬಿಗಿದೆ, ಗುಳ್ಳೆ ನಿಂತವು. ಮೂಗನ್ನು ನಂಬಬೇಡಿ, ನೊರೆಯನ್ನು ನಂಬಿ.

ಇಷ್ಟಾದ ಮೇಲೂ ನನ್ನ ಕೆಲಸವನ್ನು ನಾನೇ ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಪರವಾನಗಿ ಇರುವ ತಂತ್ರಜ್ಞರೊಬ್ಬರನ್ನು ಮನೆಗೇ ಕರೆಸಿದೆ, ತೊಂಬತ್ತು ಡಾಲರ್. ಅವರು ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ ಮುಖ ಸಿಂಡರಿಸಿದರು. ಆಮೇಲೆ ವ್ಯವಸ್ಥೆಯ ಒತ್ತಡವನ್ನು 8 ಇಂಚಿಗೆ ಇಳಿಸಿ, ತಮ್ಮ ಒತ್ತಡದ ಗೇಜಿನ ಮುಳ್ಳಿನ ಮೇಲೆ ಕಣ್ಣು ನೆಟ್ಟು ಐದು ನಿಮಿಷ ನಿಂತರು. ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಹೋಗುವಾಗ ನನ್ನ ಹಲಗೆಯ ಫೋಟೋ ತೆಗೆದುಕೊಂಡು ಹೋದರು. ಇದನ್ನು ಗೆಳೆಯರಿಗೆ ಕನಿಷ್ಠ ನಾಲ್ಕು ಸಲ ಹೇಳಿದ್ದೇನೆ.

ಸಣ್ಣ ಗ್ರಿಲ್ಲನ್ನೂ ಪಳಗಿಸುವ ಆಸೆ ಬಿಡಲಿಲ್ಲ. ಜೆಟ್ಟಿನ ತೂತನ್ನು ದೊಡ್ಡದು ಮಾಡಿದರೆ ಕಡಿಮೆ ಒತ್ತಡಕ್ಕೂ ಉರಿಯಬೇಕಲ್ಲವೇ? ಸೂಜಿಗಾತ್ರದ ಡ್ರಿಲ್ಲುಗಳ ಪೆಟ್ಟಿಗೆ ತಂದು, ಬೆರಳಲ್ಲೇ ತಿರುಗಿಸಿ ಕೊರೆದೆ. ಮೊದಲ ಜೆಟ್ಟಿಗೆ ತೂತು ಅತಿಯಾಗಿ ಉದ್ದುದ್ದ ಹಳದಿ ಉರಿ ಬಂತು, ಬದನೆಕಾಯಿಗೆ ಮಸಿ ಹಿಡಿಯಿತು. ಎರಡನೆಯದು ಡ್ರಿಲ್ ಮುರಿದು ಕಸವಾಯಿತು. ಮೂರನೆಯದು ಸರಿ ಬಂತು. ಯಾವ ಅಳತೆ ಎಂದು ಬರೆಯುವುದಿಲ್ಲ. ಗ್ರಿಲ್ಲಿಗೊಂದು ಅಳತೆ, ನನ್ನದನ್ನು ನಂಬಿ ನೀವು ಕೊರೆದರೆ ಮಸಿ ನಿಮ್ಮದು, ಬೈಗುಳ ನನ್ನದು. ಖರ್ಚು, ಶ್ರಮ, ಅಪಾಯ ಎಲ್ಲ ಸೇರಿಸಿದರೆ ಅದು ಮಾಡಬಾರದಿದ್ದ ಕೆಲಸ. ಆ ಗ್ರಿಲ್ಲಿಗೆ ಈಗಲೂ ಒಮ್ಮೊಮ್ಮೆ ಡಬ್ಬಿಯೇ ಹಾಕಿದ್ದರೆ ಚೆನ್ನಿತ್ತು ಎನಿಸುತ್ತದೆ. ಸುಟ್ಟ ಬದನೆಕಾಯಿಯ ಗೊಜ್ಜು ಮಾತ್ರ ಗಾಡಿಯ ಗ್ಯಾಸಿನಲ್ಲೂ ಅದೇ ರುಚಿ.

ಅಕ್ಟೋಬರಿನಲ್ಲಿ ಯೂಟಾದ ಬ್ರೈಸ್ ಕ್ಯಾನ್ಯನ್‌ಗೆ ಹೋದಾಗ ಇನ್ನೊಂದು ಪರೀಕ್ಷೆ ತಾನಾಗಿಯೇ ಆಯಿತು. ಸುಮಾರು ಎಂಟು ಸಾವಿರ ಅಡಿ ಎತ್ತರ, ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ಪದರ. ಪಕ್ಕದ ಗಾಡಿಯವರ ಹಸಿರು ಡಬ್ಬಿಯ ಮೈಗೆ ಬಿಳಿ ಹಿಮ ಕಟ್ಟಿ ಉರಿ ಕುಂಯ್‌ಗುಡುತ್ತಿತ್ತು. ಅವರು ಬಿಸಿನೀರಿನ ಬೋಗುಣಿಯಲ್ಲಿ ಡಬ್ಬಿಯನ್ನು ಕೂರಿಸಿ ಕಾಫಿ ಕಾಯಿಸುತ್ತಿದ್ದರು. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೂ ಕುದಿಯುವ ವಸ್ತು, ಆ ಚಳಿ ಅದಕ್ಕೆ ಲೆಕ್ಕವಲ್ಲ. ಸಣ್ಣ ಡಬ್ಬಿಯಲ್ಲಿ ದ್ರವ ಆವಿಯಾಗುತ್ತಾ ತನ್ನನ್ನೇ ತಾನು ತಣ್ಣಗೆ ಮಾಡಿಕೊಳ್ಳುತ್ತದೆ, ಅಲ್ಲಿ ಎಡವುತ್ತದೆ. ನನ್ನ ದೊಡ್ಡ ತೊಟ್ಟಿಗೆ ಅದರ ಪರಿವೆಯೇ ಇರಲಿಲ್ಲ. ಉರಿಯ ತುದಿ ಮಾತ್ರ ಸ್ವಲ್ಪ ಹಳದಿಯಾಗಿತ್ತು. ಎತ್ತರದಲ್ಲಿ ಗಾಳಿ ತೆಳು, ಗುಂಡಿಯನ್ನು ತುಸು ತಗ್ಗಿಸಿದರೆ ನೀಲಿಗೆ ಬಂತು.

ಅಲ್ಲಿ ತೊಂದರೆ ಕೊಟ್ಟದ್ದು ಗ್ಯಾಸಲ್ಲ, ಹಿಟ್ಟು. ಚಳಿಗೆ ಹುಳಿ ಬರಲಿಲ್ಲ. ಈಗ ಗಾಡಿ ನಿಲ್ಲಿಸಿದ ಮೇಲೆ ಹಿಟ್ಟಿನ ಪಾತ್ರೆಯನ್ನು ನೀರು ಕಾಯಿಸುವ ಯಂತ್ರದ ಹಿಂಬದಿಯ ಗೂಡಿನಲ್ಲಿ ಇಡುತ್ತೇನೆ, ರಾತ್ರಿಯಲ್ಲಿ ಸೊಗಸಾಗಿ ಉಕ್ಕುತ್ತದೆ. ಓಡುವ ಗಾಡಿಯಲ್ಲಿ ಮಾತ್ರ ಇಡಬೇಡಿ. ಬೇಕರ್ಸ್‌ಫೀಲ್ಡ್ ದಾಟುವಾಗ ಒಮ್ಮೆ ಗೂಡಿನ ಬಾಗಿಲಿನಿಂದ ಹಿಟ್ಟು ಇಳಿದು ಹೆಂಡತಿಯ ಚಪ್ಪಲಿಯವರೆಗೆ ಬಂದಿತ್ತು.

ದುಡ್ಡಿನ ಲೆಕ್ಕ ಕೇಳುವವರಿಗೆ: ಎಲ್ಲ ತಪ್ಪುಗಳನ್ನೂ ಸೇರಿಸಿ ಮುನ್ನೂರರ ಮೇಲೆ ಹೋಗಿದೆ. ಅಂಗಡಿಯವರು ಕೇಳಿದ್ದು ಮುನ್ನೂರೈವತ್ತು, ಹೆಂಡತಿ ಇದನ್ನು ಆಗಾಗ ನೆನಪಿಸುತ್ತಾಳೆ. ಆದರೆ ನಿಜಕ್ಕೂ ಬೇಕಾದದ್ದು ಬಾಲ್ ವಾಲ್ವ್ ಇರುವ ಮೂತಿ, ಹನ್ನೆರಡಡಿಯ ಅಗಲದ ಹೋಸು, ಒಂದು ಮೊಣಕೈ ಅಡಾಪ್ಟರ್. ತೊಂಬತ್ತು ಡಾಲರ್ ದಾಟುವುದಿಲ್ಲ, ಪರೀಕ್ಷೆಗೆ ಇನ್ನೊಂದು ತೊಂಬತ್ತು ಹಿಡಿಯಿರಿ. ವರ್ಷಕ್ಕೆ ಎಂಟೊಂಬತ್ತು ಪ್ರವಾಸ ಮಾಡುವ ನಮಗೆ ಡಬ್ಬಿಗಳ ಉಳಿತಾಯವೇ ಇನ್ನೂರು ಡಾಲರ್ ಹತ್ತಿರ.

ರೆಗ್ಯುಲೇಟರ್ ಕಿತ್ತ ಕಾವಲಿ ಹಲ್ಲು ಕಿತ್ತ ಹಾವಲ್ಲ, ಹಗ್ಗ ಬಿಚ್ಚಿದ ಹೋರಿ. ಅದನ್ನು ಯಾರಾದರೂ ಅಡಾಪ್ಟರ್ ಹುಡುಕಿ ನೇರವಾಗಿ ಸಿಲಿಂಡರಿಗೆ ಸಿಕ್ಕಿಸಿದರೆ ಆಳೆತ್ತರದ ಉರಿ ಎದ್ದೀತು. ಪಿಸ್ಮೋದಲ್ಲಿ ಒಬ್ಬ ಉತ್ಸಾಹಿ ಹುಡುಗ ಹಸಿರು ಡಬ್ಬಿ ಹಿಡಿದು ಅದನ್ನು ಎಲ್ಲಿ ಕೂರಿಸುವುದೆಂದು ನನ್ನ ಕಾವಲಿಯ ಸುತ್ತ ಹುಡುಕುತ್ತಿದ್ದ. ಪುಣ್ಯಕ್ಕೆ ಡಬ್ಬಿ ಕೂರುವ ಥ್ರೆಡ್ ರೆಗ್ಯುಲೇಟರಿನ ಜೊತೆಗೇ ಹೋಗಿತ್ತು. ಅಂದೇ ಕಾವಲಿಯ ಕಾಲಿಗೆ ಕೆಂಪು ತಗಡು ಕಟ್ಟಿ, “ಗಾಡಿಯ ಗ್ಯಾಸಿಗೆ ಮಾತ್ರ” ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಹೋಸಿನ ಅಳತೆಯಿದೆ ಎಂದು ಗಾಡಿಯ ಬಟ್ಟೆ ಚಾವಣಿಯ ಕೆಳಗೆ ಕಾವಲಿ ಹಚ್ಚುವವರನ್ನೂ ನೋಡಿದ್ದೇನೆ. ಹೋಸು ಎಷ್ಟು ಉದ್ದವಿದೆಯೋ ಅಷ್ಟೂ ದೂರ ಒಯ್ಯಿರಿ. ಹೊರಡುವಾಗ ಮೊದಲು ಬಾಲ್ ವಾಲ್ವ್ ಮುಚ್ಚಿ, ಹೋಸಿನಲ್ಲಿ ಉಳಿದದ್ದನ್ನು ಕಾವಲಿಯಲ್ಲೇ ಉರಿಸಿ, ಆಮೇಲೆ ಕಳಚುತ್ತೇನೆ.

ಕಳಚಿದ ಮೇಲೆ ಎರಡೂ ಬಾಯಿಗೆ ಮುಚ್ಚಳ ಹಾಕುವುದನ್ನು ಒಂದು ಚಳಿಗಾಲ ಮರೆತೆ. ಗ್ಯಾಸಿನ ಕೊಳವೆಗಳ ಮೇಲೆ ಜೇಡಗಳಿಗೆ ಅದೇನು ಮೋಹವೋ. ಮಾರ್ಚಿನಲ್ಲಿ ಕಾವಲಿ ಹೊತ್ತಿಸಿದರೆ ಎಡ ಬರ್ನರ್ ಮತ್ತೆ ಹಣತೆ. ಹೋಸು ಬದಲಿಸಿದೆ, ಹಲಗೆ ತಂದು ಅಳೆದೆ, ಎಲ್ಲವೂ ಹನ್ನೊಂದು. ಎರಡು ಗಂಟೆಯ ಮೇಲೆ ಬರ್ನರ್ ಬಿಚ್ಚಿ ನೋಡಿದರೆ ಗಾಳಿ ಸೇರುವ ಕೊಳವೆಯಲ್ಲಿ ಅರಳೆಯಂಥ ಬಲೆ, ನಡುವೆ ಮರಿಗಳು. ಬಾಟಲಿ ತೊಳೆಯುವ ಬ್ರಷ್ಷಿನಿಂದ ತೆಗೆದೆ.

ಪಿಸ್ಮೋದಲ್ಲಿ ಮೊದಲು ತಟ್ಟೆ ಹಿಡಿದಿದ್ದ ಗೆಳೆಯರು ಮುಂದಿನ ಶನಿವಾರ ತಮ್ಮ ಟ್ರೇಲರನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸುತ್ತಾರಂತೆ. ಅವರದು 2019ರ ಗಾಡಿ, ಕಾರ್ಖಾನೆಯ ಮೂತಿ ಇದೆ, ಆರು ವರ್ಷದಿಂದ ಅದರ ಮುಚ್ಚಳವನ್ನೇ ತೆಗೆದಿಲ್ಲ. ಹೋಸು ಎಂಟನೆಯ ಮೂರು ಇಂಚಿನದೇ ತನ್ನಿ, ಬಿಳಿ ಅಂಗಿ ಹಾಕಿಕೊಂಡು ಬರಬೇಡಿ ಎಂದು ಹೇಳಿದ್ದೇನೆ. ಹಿಟ್ಟು ಅವರ ಮನೆಯದು.